ಗಿರಿಜಮ್ಮ ಕಟ್ಟಿದ ಆಲ್ಟರ್ನೇಟರ್

ನಮ್ಮ ಮನೆಯಲ್ಲಿ ಟಿ.ವಿ. ರಿಮೋಟಿಗೆ ಸೆಲ್ ಹಾಕುವ ಕೆಲಸವನ್ನು ಯಾರೂ ನನಗೆ ಕೊಡುವುದಿಲ್ಲ. ನಾನು ಕೂತರೆ ಮೊದಲು ಕನ್ನಡಕ ಹುಡುಕಬೇಕು, ಆಮೇಲೆ ಕಿಟಕಿಯ ಬೆಳಕಿಗೆ ಹೋಗಬೇಕು, ಪ್ಲಸ್ಸು ಯಾವ ಕಡೆ ಮೈನಸ್ಸು ಯಾವ ಕಡೆ ಎಂದು ಮೂರು ಸಲ ನೋಡಬೇಕು, ಹಾಕಿದ್ದನ್ನು ತೆಗೆದು ಇನ್ನೊಮ್ಮೆ ನೋಡಬೇಕು. ಅಷ್ಟರಲ್ಲಿ ನನ್ನ ಹೆಂಡತಿ ವನಜಳ ಧಾರಾವಾಹಿಯಲ್ಲಿ ಒಂದು ಮದುವೆ ಮುರಿದು ಇನ್ನೊಂದು ನಿಶ್ಚಯವಾಗಿರುತ್ತದೆ. "ಕೊಡಿ ಇಲ್ಲಿ, ಎರಡು ಸೆಲ್ಲಿಗೆ ಎಷ್ಟು ಹೊತ್ರೀ" ಎಂದು ಕಿತ್ತುಕೊಳ್ಳುತ್ತಾಳೆ. ಈ ರೋಗ ನನಗೆ ಎಲ್ಲಿಂದ ಅಂಟಿತು ಎಂಬುದು ಅವಳಿಗೆ ಗೊತ್ತು. ನಿಮಗೂ ಹೇಳಿಬಿಡುತ್ತೇನೆ. ಹೆಮ್ಮೆಪಡುವ ಕತೆಯೇನಲ್ಲ, ಆದರೆ ಇಷ್ಟು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡೂ ಅದು ಕರಗಲಿಲ್ಲ.

ತೊಂಬತ್ತರ ದಶಕದ ನಡುವೆ ಕಾಫಿಗೆ ಒಳ್ಳೆಯ ಬೆಲೆ ಬಂದ ಎರಡು ಮೂರು ವರ್ಷ ನಮ್ಮ ಮೂಡಿಗೆರೆ ಕಡೆಯ ಬೆಳೆಗಾರರಿಗೆಲ್ಲ ಸ್ವಲ್ಪ ತಲೆ ತಿರುಗಿತ್ತು. ಒಬ್ಬರು ಜಗಲಿಗೂ ಅಮೃತಶಿಲೆ ಹಾಸಿ ಗಂಬೂಟು ಹಾಕಿಕೊಂಡು ಜಾರಿ ಬಿದ್ದರು. ಇನ್ನೊಬ್ಬರು ಸವಾರಿಗೆಂದು ಕುದುರೆ ತರಿಸಿದರು. ಅದು ಕಾಫಿ ಗಿಡಗಳ ನಡುವೆ ಕಾಲಿಡುವುದಿಲ್ಲವೆಂದು ಹಠ ಹಿಡಿದು ಕಣದಲ್ಲೇ ನಿಂತು ಮುದಿಯಾಯಿತು. ನಾನು ಕಾರು ಕೊಂಡೆ. ಮಲ್ಲಂದೂರಿನ ವಯಸ್ಸಾದ ಪ್ಲಾಂಟರೊಬ್ಬರು ಯೌವನದಲ್ಲಿ ಓಡಿಸಿ ಶೆಡ್ಡಿಗೆ ಸೇರಿಸಿದ್ದ ವಿಲಾಯತಿ ಸ್ಪೋರ್ಟ್ಸ್ ಕಾರು. ಕೆಂಪು ಬಣ್ಣ, ಎರಡು ಬಾಗಿಲು, ಎರಡೇ ಸೀಟು, ಮಡಚಿ ಹಿಂದಕ್ಕೆ ಸರಿಸುವ ಕ್ಯಾನ್ವಾಸಿನ ಮಾಡು.

ನೆಲಕ್ಕೆ ಎಷ್ಟು ಹತ್ತಿರವಿತ್ತೆಂದರೆ, ಅದರೊಳಗೆ ಇಳಿಯುವುದು ಗುಂಡಿಗೆ ಇಳಿದ ಹಾಗೆ, ಏಳುವುದು ಬೇರೆಯವರು ಕೈಕೊಟ್ಟಾಗ ಮಾತ್ರ. ಆಗಲೇ ನನಗೆ ನಲವತ್ತು ದಾಟಿ ಹೊಟ್ಟೆ ಸ್ಟಿಯರಿಂಗಿಗೆ ತಾಗುತ್ತಿತ್ತು. ಮೂಡಿಗೆರೆ ಬಸ್ ನಿಲ್ದಾಣದ ಮುಂದೆ ಒಮ್ಮೆ ಕಂಡಕ್ಟರನೊಬ್ಬ ಬಾಗಿಲಲ್ಲಿ ನೇತಾಡುತ್ತಾ ಕೆಳಗೆ ಬಗ್ಗಿ, "ಗೌಡ್ರೆ, ಆರಾಮಿದೀರಾ ಅಲ್ಲಿ?" ಎಂದು ವಿಚಾರಿಸಿದ್ದ. ನಮ್ಮ ತೋಟದ ಮೇಸ್ತ್ರಿ ಕಾರನ್ನು ಎರಡು ಸುತ್ತು ಹಾಕಿ ನೋಡಿ, "ಎಲ್ಲಾ ಚೆಂದ ಉಂಟು, ಗೊಬ್ಬರದ ಚೀಲ ಎಲ್ಲಿ ಇಡದು?" ಎಂದು ಕೇಳಿದ. ನನಗೆ ಇದ್ಯಾವುದೂ ತಾಗಲಿಲ್ಲ. ಮಾಡು ಮಡಚಿ, ಹೂ ಬಿಟ್ಟ ತೋಟಗಳ ನಡುವೆ ಹೋಗುತ್ತಿದ್ದರೆ ನಾನೇ ನನಗೆ ಪಕ್ಕದ ಸೀಟಿನಿಂದ ಕಾಣಿಸುತ್ತಿದ್ದೆ.

ಒಂದು ವರ್ಷವಾಗುವುದರೊಳಗೆ ಕಾರು ಕುಂಟತೊಡಗಿತು. ಹಾರ್ನ್ ಒತ್ತಿದರೆ ಬೆಕ್ಕು ಮುಲುಗಿದ ಹಾಗೆ ಸದ್ದು. ಬಾನೆಟ್ಟಿನ ಒಳಗಿಂದ ಕಬ್ಬಿಣ ಅರೆದಂತೆ ಒಂದು ಗೊರಗೊರ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರುವುದೇ ಇಲ್ಲ. ಬೆಳಿಗ್ಗೆ ಕೆಲಸಕ್ಕೆ ಬಂದ ಆಳುಗಳು ಮೊದಲು ಕಾರು ತಳ್ಳಿ ಆಮೇಲೆ ತೋಟಕ್ಕೆ ಹೋಗುವಂತಾಯಿತು. ಸವೆದದ್ದು ಆಲ್ಟರ್ನೇಟರ್ ಎಂದರು. ಇಂಜಿನ್ನಿನ ಜೊತೆ ತಿರುಗುತ್ತಾ ಕರೆಂಟು ಹುಟ್ಟಿಸಿ ಬ್ಯಾಟರಿ ತುಂಬಿಸುವ ಯಂತ್ರ ಅದು. ನಮ್ಮಲ್ಲಿ ಹಳಬರು ಈಗಲೂ ಡೈನಮೋ ಎನ್ನುತ್ತಾರೆ.

ಡೈನಮೋ ಎಂದಾಗ ನನಗೆ ನೆನಪಾಗುವುದು ಅಪ್ಪನ ಸೈಕಲ್ಲು. ಅದರ ಹಿಂದಿನ ಚಕ್ರಕ್ಕೆ ಒರಗುವ ಪುಟ್ಟ ಸೀಸೆಯಂಥ ಡೈನಮೋ ಇತ್ತು. ಸ್ಟ್ಯಾಂಡ್ ಹಾಕಿ, ಕೈಯಲ್ಲಿ ಪೆಡಲ್ ತಿರುಗಿಸಿ, ಹಾಡುಹಗಲಲ್ಲಿ ಗೋಡೆಗೆ ಬೆಳಕು ಬಿಡುವುದು ನನ್ನ ಬಾಲ್ಯದ ದೊಡ್ಡ ಸಾಹಸ. ಒಂದು ದಿನ ಹುಮ್ಮಸ್ಸಿನಲ್ಲಿ ತಿರುಗಿಸಿ ತಿರುಗಿಸಿ ಬಲ್ಬು ಸುಟ್ಟೆ. ಅಪ್ಪ ಕೇಳಿದಾಗ ನನ್ನ ಬಾಯಿಂದ ತಾನಾಗಿ ಬಂದದ್ದು, "ಅಕ್ಕ ಮಾಡಿದ್ದು." ಅಕ್ಕ ಪಾಪ, ಹಪ್ಪಳ ಒಣಗಿಸುತ್ತಾ ಅಂಗಳದಲ್ಲಿದ್ದಳು. ಬೈಸಿಕೊಂಡಳು. ಆ ಕೆಲಸ ಎಷ್ಟು ಸುಲಭ ಎಂದು ನನಗೆ ಅವತ್ತೇ ತಿಳಿದದ್ದು.

ಕಾರಿನ ವಿಷಯಕ್ಕೆ ಬರುತ್ತೇನೆ. ಆ ಮಾದರಿಯ ಹೊಸ ಆಲ್ಟರ್ನೇಟರ್ ಎಲ್ಲೂ ಸಿಗುವ ಹಾಗಿರಲಿಲ್ಲ. ನಮ್ಮ ಕಡೆಯ ದೊಡ್ಡ ಪ್ಲಾಂಟರು ಉದಯಣ್ಣ ಉಪಾಯ ಹೇಳಿದರು. "ಎಂತಕ್ಕೆ ತಲೆ ಕೆಡಿಸ್ಕಳ್ತೀಯ ಮಾರಾಯ, ಚಿಕ್ಕಮಗಳೂರಲ್ಲಿ ಲೋಕಪ್ಪನ ಅಂಗಡಿಗೆ ತಗಂಡು ಹೋಗು. ನಮ್ಮ ಪಲ್ಪರ್ ಮೋಟ್ರು, ಪಂಪಿನ ಮೋಟ್ರು ಎಲ್ಲಾ ಅಲ್ಲೇ ರಿವೈಂಡಿಂಗ್ ಆಗೋದು." ಉದಯಣ್ಣನಿಗೆ ನಾಲ್ಕು ಎಸ್ಟೇಟು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮೋಟರುಗಳೇ ಹತ್ತಾರು. ಆ ಅಂಗಡಿ ನಿಂತದ್ದೇ ಅವರ ಕೆಲಸದ ಮೇಲೆ ಎಂದು ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಇದನ್ನು ನೀವು ಮರೆಯಬೇಡಿ.

ಅಂಗಡಿಯೆಂದರೆ ಒಂದೇ ಕೋಣೆ, ಮುಂದೆ ತಗಡಿನ ಮಾಡು. ಲೋಕಪ್ಪನಿಗೆ ಐವತ್ತರ ಹತ್ತಿರ ವಯಸ್ಸು. ಹಿಂದೆ ಯಾವಾಗಲೋ ಬ್ಯಾಟರಿಯ ಆಸಿಡ್ ಸಿಡಿದು ಒಂದು ಕಣ್ಣು ಪೂರ್ತಿ, ಇನ್ನೊಂದು ಮುಕ್ಕಾಲು ಹೋಗಿತ್ತು. ಆತ ಕಾರಿನ ಪಕ್ಕ ನಿಂತು, ಇಂಜಿನ್ ಚಾಲೂ ಮಾಡಿಸಿ, ತಲೆ ಓರೆ ಮಾಡಿ ಕೇಳಿದ. "ಬೇರಿಂಗು ಒಣಗಿದೆ. ಬ್ರಷ್ಷು ಮುಗಿದಿದೆ. ಕಾಯ್ಲೂ ಸುಟ್ಟಿರ್ಬೇಕು, ವಾಸನೆ ಬರ್ತಿದೆ. ಗಿರಿಜಾ, ಬಿಚ್ಚಿ ನೋಡು."

ಬಿಚ್ಚಿದ್ದು ಆತನ ಹೆಂಡತಿ ಗಿರಿಜಮ್ಮ. ಕಳಸದ ಕಡೆಯ ಎಸ್ಟೇಟೊಂದರ ಆಳುಗಳ ಲೈನ್ ಮನೆಯಲ್ಲಿ ಹುಟ್ಟಿ, ಮದುವೆಯಾಗುವವರೆಗೆ ಕಾಫಿ ಕೊಯ್ದವರು. ಗಂಡನ ಕಣ್ಣು ಹೋದ ಮೇಲೆ ಆತ ಬಾಯಲ್ಲಿ ಹೇಳುತ್ತಾ ಹೋದ, ಈಕೆ ಕೈಯಲ್ಲಿ ಕಲಿಯುತ್ತಾ ಹೋದರು. ಕನ್ನಡಕಕ್ಕೆ ಹಿಂದೆ ದಾರ ಕಟ್ಟಿಕೊಂಡು, ಸೆರಗು ಸಿಕ್ಕಿಸಿ, ಹೊಲಿಗೆ ಯಂತ್ರದ ಮುಂದೆ ಕೂತವರ ಹಾಗೆ ಬೆಂಚಿನ ಮುಂದೆ ಕೂರುತ್ತಿದ್ದರು. ಎರಡು ದಿನ ನಾನು ಪೇಟೆಯ ಬೇರೆ ಕೆಲಸ ಬಿಟ್ಟು ಅಲ್ಲೇ ಸ್ಟೂಲು ಹಾಕಿಕೊಂಡು ನೋಡಿದೆ. ಸುಟ್ಟು ಕಪ್ಪಾದ ಹಳೆಯ ತಂತಿಯನ್ನು ಎಳೆ ಎಳೆಯಾಗಿ ಕಿತ್ತು, ಎಷ್ಟು ಸುತ್ತು ಇತ್ತೆಂದು ಬರೆದುಕೊಂಡರು. ಹೊಸ ತಾಮ್ರದ ತಂತಿಯನ್ನು ತುಟಿಯಲ್ಲೇ ಎಣಿಸುತ್ತಾ ಸುತ್ತಿದರು. ನಡುವೆ ನಾನು ಏನೋ ಕೇಳಿದ್ದಕ್ಕೆ ಕೈ ಎತ್ತಿ ತಡೆದರು. ಸುತ್ತು ಮುಗಿದ ಮೇಲೆ, "ಈಗ ಹೇಳಿ ಸಾರ್" ಎಂದರು. ಸುರುಳಿಯನ್ನು ವಾರ್ನಿಷ್ಷಿನಲ್ಲಿ ಅದ್ದಿ, ದೊಡ್ಡ ಬಲ್ಬು ಇಟ್ಟ ತಗಡಿನ ಡಬ್ಬಿಯೊಳಗೆ ಒಣಗಿಸಿದರು. ಹೊಸ ಬೇರಿಂಗ್, ಹೊಸ ಕಾರ್ಬನ್ ಬ್ರಷ್ಷು, ಆರು ಹೊಸ ಡಯೋಡ್. ಡಯೋಡೆಂದರೆ ಕರೆಂಟನ್ನು ಒಂದೇ ಕಡೆಗೆ ಹರಿಯಬಿಡುವ, ಅಂಗಿಯ ಗುಂಡಿಯಂಥ ವಸ್ತು. ಬೆಸುಗೆ ಹಾಕುವಾಗ ಬಿಸಿ ಸ್ವಲ್ಪ ಹೆಚ್ಚಾದರೂ ಸಾಯುತ್ತದೆಯಂತೆ.

ಕಾರಿಗೆ ಕೂರಿಸಿ ಚಾಲೂ ಮಾಡಿದಾಗ ಆ ಕೆಂಪು ದೀಪ ಪಟ್ಟನೆ ಆರಿತು. ಲೋಕಪ್ಪ ತಲೆ ಓರೆ ಮಾಡಿ ಕೇಳಿ ನಕ್ಕ. ಗಿರಿಜಮ್ಮ ಕೈ ಒರೆಸಿಕೊಳ್ಳುತ್ತಾ ಹೇಳಿದರು: "ಒಂದೇ ಮಾತು ಸಾರ್. ಬ್ಯಾಟರಿ ಬಿಚ್ಚಿದ್ರೆ ಪ್ಲಸ್ಸು ಮೈನಸ್ಸು ನೋಡಿ ಕಟ್ಟಿ. ತಿರುಗಾಮುರುಗಾ ಆದ್ರೆ ಚಿಟಿಕೆ ಹೊಡೆಯೋದ್ರೊಳಗೆ ಡಯೋಡ್ ಹೋಗ್ತಾವೆ."

"ಅಷ್ಟೂ ಗೊತ್ತಿಲ್ವಾ ನನಗೆ?" ಎಂದೆ.

ಮೂರು ತಿಂಗಳು ಕಾರು ರಾಜನ ಹಾಗೆ ಓಡಿತು. ಜನವರಿಯಲ್ಲಿ ನಮ್ಮ ಬೆಳೆಗಾರರ ಕ್ಲಬ್ಬಿನವರು ಒಂದು ಭಾನುವಾರ ಹಳೆಯ ವಾಹನಗಳನ್ನೆಲ್ಲ ಸೇರಿಸಿ ಮೂಡಿಗೆರೆಯಿಂದ ಕಳಸಕ್ಕೆ ಸವಾರಿ ಇಟ್ಟುಕೊಂಡರು. ಹಿಂದಿನ ಸಂಜೆ ನಾನು ಕಾರು ತೊಳೆದು, ಒರೆಸಿ, ಸಾಲದೆ ಬ್ಯಾಟರಿಯನ್ನೂ ಎತ್ತಿ ಅದರ ಕೆಳಗಿನ ತಗಡಿಗೆ ಬಣ್ಣ ಬಳಿದೆ. ಬಾನೆಟ್ ಎತ್ತಿ ತೋರಿಸುವಾಗ ಚೆನ್ನಾಗಿ ಕಾಣಬೇಕಲ್ಲ. ತಿರುಗಿ ಕಟ್ಟುವಾಗ ಬಾಯಲ್ಲಿ ಯಾವುದೋ ಹಾಡಿತ್ತು. ಎರಡನೆಯ ತಂತಿ ತಾಗಿಸಿದ್ದೇ ಚಟಾರನೆ ನೀಲಿ ಕಿಡಿ ಹಾರಿತು. ತಿರುಗಾಮುರುಗಾ ಕಟ್ಟಿದ್ದೆ.

ಜಗಲಿಯಲ್ಲಿ ಮೆಣಸು ಆರಿಸುತ್ತಿದ್ದ ವನಜ, "ಏನ್ರೀ ಅದು ಸದ್ದು?" ಎಂದಳು.

"ಎಂತ ಇಲ್ಲ, ತಂತಿ ಉಲ್ಟಾ ತಾಗ್ತು, ಸರಿ ಮಾಡ್ದೆ" ಎಂದೆ. ಸರಿಯಾಗಿ ಕಟ್ಟಿ ಕೀಲಿ ತಿರುಗಿಸಿದೆ. ಕಾರು ಚಾಲೂ ಆಯಿತು. ಕೆಂಪು ದೀಪ ಮಂಕಾಗಿ ಉರಿಯುತ್ತಿತ್ತು. ನೋಡಿದೆ. ಸಂಜೆಯ ಬಿಸಿಲು ಗಾಜಿಗೆ ಬಿದ್ದು ಹಾಗೆ ಕಾಣುತ್ತಿದೆ ಎಂದು ನನಗೆ ನಾನೇ ಹೇಳಿಕೊಂಡು ಬಾನೆಟ್ ಮುಚ್ಚಿದೆ.

ಮರುದಿನ ಮಂಜು ದಟ್ಟವಾಗಿತ್ತು. ಎಲ್ಲರೂ ಹೆಡ್‌ಲೈಟ್ ಹಾಕಿಕೊಂಡೇ ಹೊರಟೆವು. ಕೊಟ್ಟಿಗೆಹಾರ ದಾಟಿ ಕಳಸದ ರಸ್ತೆಯ ಒಂದು ಏರಿನಲ್ಲಿ ನನ್ನ ಕಾರಿನ ದೀಪ ಕುಂದಿತು, ಇಂಜಿನ್ ಎರಡು ಸಲ ಕೆಮ್ಮಿತು, ನಿಂತೇ ಹೋಯಿತು. ಹಿಂದೆ ಬರುತ್ತಿದ್ದ ಜೀಪುಗಳೆಲ್ಲ ಸಾಲಾಗಿ ನಿಂತವು. ಎಲ್ಲರೂ ಇಳಿದು ನನ್ನ ಸುತ್ತ ಸೇರಿದರು. ನಾನಿನ್ನೂ ಸೀಟಿನಿಂದ ಎದ್ದು ಬರಲು ಒದ್ದಾಡುತ್ತಿದ್ದೆ. ಯಾರೋ ನಕ್ಕರು. ಉದಯಣ್ಣ ಕೈಕೊಟ್ಟು ಎತ್ತಿ, "ಎಂತ ಆಯ್ತು ಮಾರಾಯ, ಮೊನ್ನೆ ತಾನೆ ರಿಪೇರಿ ಮಾಡ್ಸಿದೀಯಲ್ಲ?" ಎಂದರು.

ನಿಜ ಹೇಳಲು ಎರಡು ಮಾತು ಸಾಕಿತ್ತು. ನಾನು ಅಂದದ್ದು ಇದು: "ಇನ್ನೆಂತ ಆಗುತ್ತೆ ಉದಯಣ್ಣ? ಗಂಡನಿಗೆ ಕಣ್ಣಿಲ್ಲ, ಹೆಂಡ್ತಿಗೆ ಕೆಲಸ ಗೊತ್ತಿಲ್ಲ. ಹೆಂಗಸಿನ ಕೈಲಿ ವೈಂಡಿಂಗ್ ಮಾಡ್ಸಿದ್ದು ನನ್ನ ತಪ್ಪು."

ಎಲ್ಲರೂ ನಕ್ಕರು. ಆ ನಗು ನನ್ನ ಮೇಲಿಂದ ಸರಿದು ಬೇರೆ ಕಡೆ ಹೋಯಿತಲ್ಲ ಎಂದು ನನಗೆ ಎಷ್ಟು ಹಗುರವಾಯಿತೆಂದರೆ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಅಲ್ಲಿಗೇ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಆಡಿದ ಸುಳ್ಳಿಗೆ ತಕ್ಕ ಹಾಗೆ ಸಿಟ್ಟೂ ಬರಬೇಕಷ್ಟೆ. ಮಂಗಳವಾರ ಕಾರನ್ನು ಜೀಪಿಗೆ ಕಟ್ಟಿ ಎಳೆಸಿಕೊಂಡು ಚಿಕ್ಕಮಗಳೂರಿಗೆ ಹೋದೆ. ಪೇಟೆಯಲ್ಲಿ ಕೆಲಸವಿದ್ದ ಉದಯಣ್ಣನೂ ಜೊತೆಗೆ ಬಂದರು. ಅಂಗಡಿಯಲ್ಲಿ ನಾಲ್ಕಾರು ಗಿರಾಕಿಗಳಿದ್ದರು. ನಾನು ರಸ್ತೆಯಿಂದಲೇ ಕೂಗಾಡಲು ಶುರುಮಾಡಿದೆ. "ಎಂಥ ಕೆಲಸ ಮಾಡಿದೀಯ ಲೋಕಪ್ಪ? ನಿಂಗೆ ಕಾಣಲ್ಲ ಅಂದ್ರೆ ಅಂಗಡಿ ಮುಚ್ಚು. ಊರವರ ಗಾಡಿ ಹಾಳು ಮಾಡ್ಬೇಡ."

ಎದುರಿನ ಚಹಾದಂಗಡಿಯವರು ಗ್ಲಾಸು ತೊಳೆಯುವುದನ್ನು ನಿಲ್ಲಿಸಿದರು. ಲೋಕಪ್ಪ ತಲೆ ತಗ್ಗಿಸಿದ. ಗಿರಿಜಮ್ಮ ಆಲ್ಟರ್ನೇಟರ್ ಬಿಚ್ಚಿ ಬೆಂಚಿನ ಮೇಲಿಟ್ಟು ಒಂದೊಂದನ್ನೇ ಮೀಟರಿಗೆ ಹಿಡಿದರು. "ಕಾಯಿಲ್ ಚೆನ್ನಾಗಿದೆ. ಡಯೋಡು ಆರಕ್ಕೆ ಆರೂ ಹೋಗಿದಾವೆ" ಎಂದರು, ತಮಗೇ ಹೇಳಿಕೊಂಡ ಹಾಗೆ.

"ಆರೂ ಒಟ್ಟಿಗಾ?" ಲೋಕಪ್ಪ ತಲೆ ಎತ್ತಿದ. "ಹಂಗಾದ್ರೆ ಬ್ಯಾಟರಿ ತಿರುಗಾಮುರುಗಾ ಕಟ್ಟಿದಾರೆ."

ಗಿರಿಜಮ್ಮ ನನ್ನ ಕಡೆ ತಿರುಗಿದರು. "ಬ್ಯಾಟರಿ ಬಿಚ್ಚಿದ್ರಾ ಸಾರ್?"

ಉದಯಣ್ಣ ನನ್ನ ಪಕ್ಕದಲ್ಲೇ ನಿಂತಿದ್ದರು.

"ಇಲ್ಲ. ಮುಟ್ಟೇ ಇಲ್ಲ."

ಲೋಕಪ್ಪ ಏನೋ ಹೇಳಹೊರಟ. ಗಿರಿಜಮ್ಮ ಆತನ ತೋಳು ಹಿಡಿದರು. "ಸಾರ್ ಇಲ್ಲ ಅಂತಿದಾರಲ್ಲ. ಬೆಸುಗೆ ಹಾಕುವಾಗ ನಾನೇ ಬಿಸಿ ಜಾಸ್ತಿ ಮಾಡಿರ್ಬೇಕು." ಅಷ್ಟು ಹೇಳಿ ಕೂತು ಆರೂ ಡಯೋಡುಗಳನ್ನು ಹೊಸದಾಗಿ ಹಾಕಿಕೊಟ್ಟರು. ನಾನು ಕೊಡಲು ಹೋದದ್ದನ್ನು ತೆಗೆದುಕೊಳ್ಳಲಿಲ್ಲ. "ನಮ್ಮ ಕೆಲಸ ಕೆಟ್ಟಿದ್ದಕ್ಕೆ ತಗೊಳ್ಳೋದಿಲ್ಲ ಸಾರ್."

ಹಿಂತಿರುಗುವಾಗ ಉದಯಣ್ಣ ಹೇಳಿದರು: "ಹೆಂಗಸಿನ ಕೈಲಿ ಅಷ್ಟೇ ಆಗೋದು ಬಿಡು. ಮುಂದಿನ ಕೊಯ್ಲಿಗೆ ನಮ್ಮ ಮೋಟ್ರುಗಳನ್ನ ಬೇರೆ ಕಡೆ ಕೊಡ್ತೀನಿ." ನಾನು ರಸ್ತೆಯನ್ನೇ ನೋಡುತ್ತಾ ಹೂಂ ಎಂದೆ.

ಮನೆಯಲ್ಲಿ ವನಜ ಊಟಕ್ಕೆ ಬಡಿಸುತ್ತಾ ಕೇಳಿದಳು. "ಆವತ್ತು ಉಲ್ಟಾ ತಾಗಿತ್ತಲ್ಲ, ಅದಕ್ಕೇ ಅಲ್ವಾ ಹಾಳಾಗಿದ್ದು? ಅವರಿಗೆ ಹೇಳಿದ್ರಾ?"

"ಹ್ಞೂಂ, ಹೇಳ್ದೆ" ಎಂದೆ. ಅನ್ನಕ್ಕೆ ಸಾರು ಕಲಸಿಕೊಂಡು ಉಂಡೆ. ರುಚಿಯಾಗಿಯೇ ಇತ್ತು, ಅದೂ ನೆನಪಿದೆ.

ಆಮೇಲೆ ಎರಡು ವರ್ಷ ಆ ಆಲ್ಟರ್ನೇಟರ್ ಒಂದು ದಿನವೂ ಕೈಕೊಡಲಿಲ್ಲ. ಕೊಟ್ಟಿದ್ದರೆ ನನಗೆ ಒಂದು ನೆಪವಾದರೂ ಸಿಗುತ್ತಿತ್ತು. ಬಾಬಾಬುಡನ್‌ಗಿರಿಯ ಏರು ಹತ್ತಿಸಿದೆ, ತಿಂಗಳುಗಟ್ಟಲೆ ನಿಲ್ಲಿಸಿ ತೆಗೆದೆ. ಕೀಲಿ ತಿರುಗಿಸಿದರೆ ಕೆಂಪು ದೀಪ ತಟಕ್ಕನೆ ಆರುತ್ತಿತ್ತು. ಚಿಕ್ಕಮಗಳೂರಿಗೆ ಹೋದರೆ ಆ ಬೀದಿ ತಪ್ಪಿಸಿ ಸುತ್ತು ಹಾಕಿ ಹೋಗುತ್ತಿದ್ದೆ. ಒಮ್ಮೆ ದಾರಿ ಬಂದ್ ಆಗಿ ಅಲ್ಲೇ ಹಾದುಹೋಗಬೇಕಾಯಿತು. ತಗಡಿನ ಮಾಡಿನ ಕೆಳಗೆ ಮೊದಲು ಸಾಲಾಗಿ ಇರುತ್ತಿದ್ದ ಮೋಟರುಗಳಿರಲಿಲ್ಲ. ಲೋಕಪ್ಪ ಒಬ್ಬನೇ ಕೂತು ರಸ್ತೆಯ ಸದ್ದು ಕೇಳುತ್ತಿದ್ದ. ನನ್ನ ಕಾರಿನ ಸದ್ದು ಆತನಿಗೆ ಗೊತ್ತಾಗದಿರುತ್ತದೆಯೇ? ತಲೆ ಓರೆಯಾಯಿತು. ನಾನು ಗೇರು ಬದಲಿಸಿ ಹೊರಟುಹೋದೆ.

ಹೀಗೇ ಇರಬಹುದಿತ್ತು. ಆದರೆ ಒಂದು ದಿನ ವನಜ ಕಳಸದ ದೇವಸ್ಥಾನಕ್ಕೆ ಹೋಗಿ ಬಂದವಳು ಚಪ್ಪಲಿ ಬಿಡುತ್ತಲೇ ಶುರುಮಾಡಿದಳು. "ಬಸ್ಸಲ್ಲಿ ಯಾರು ಸಿಕ್ಕಿದ್ರು ಗೊತ್ತೇನ್ರೀ? ನಿಮ್ಮ ಕಾರು ರಿಪೇರಿ ಮಾಡಿದ ಗಿರಿಜಮ್ಮ. ತವರಿಗೆ ಬಂದಿದ್ರಂತೆ. ಮಾತಾಡ್ತಾ ಮಾತಾಡ್ತಾ ಗುರುತಾಯ್ತು. ನಾನೇ ಅಂದೆ, ಆವತ್ತು ನಮ್ಮೋರು ಬ್ಯಾಟರಿ ಉಲ್ಟಾ ಕಟ್ಟಿ ಸುಮ್ಮನೆ ನಿಮಗೆ ತೊಂದರೆ ಆಯ್ತು, ಆಮೇಲೆ ಅವರೇ ಬಂದು ಹೇಳಿದ್ರಲ್ಲ ಅಂತ."

ನನ್ನ ಕೈಯಲ್ಲಿದ್ದ ಪೇಪರು ಹಾಗೇ ನಿಂತಿತು. "ಅದಕ್ಕೆ ಏನಂದ್ರು?"

"ಒಂದು ಗಳಿಗೆ ನನ್ನ ಮುಖಾನೇ ನೋಡಿದ್ರು. ಆಮೇಲೆ, ಹೌದಮ್ಮ, ಹೇಳಿದ್ರು ಅಂದ್ರು. ಆಮೇಲೆ ಊರು ಬರೋವರೆಗೂ ಕಿಟಕಿ ಕಡೆ ತಿರುಗಿ ಕೂತಿದ್ರು. ಒಳ್ಳೆ ಹೆಂಗಸು, ಪಾಪ."

ನನ್ನ ಮಾನ ನನ್ನ ಹೆಂಡತಿಯ ಮುಂದೆ ಉಳಿಯಲೆಂದು, ನಾನು ಯಾರ ಹೊಟ್ಟೆಯ ಮೇಲೆ ಹೊಡೆದಿದ್ದೆನೋ ಆ ಹೆಂಗಸು ಬಸ್ಸಿನಲ್ಲಿ ಕೂತು ಸುಳ್ಳು ಹೇಳಿದ್ದರು. ನಾನು ವನಜಳಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. "ನನ್ನ ಬಾಯಲ್ಲಿ ಆ ಸುಳ್ಳನ್ನ ಅವರಿಗೆ ಕೇಳಿಸಿದ್ರಲ್ಲ" ಎಂದಳು. ನಾಲ್ಕು ದಿನ ಊಟಕ್ಕೆ ಕರೆಯುವುದು ಬಿಟ್ಟು ಬೇರೆ ಮಾತಾಡಲಿಲ್ಲ.

ಐದನೆಯ ದಿನ ನಾನು ಹೊರಟೆ. ಎಲ್ಲಿಗೆ ಅಂತೀರಿ? ಉದಯಣ್ಣನ ಮನೆಗೆ. ಹೇಡಿಗೆ ಸುಲಭದ ಬಾಗಿಲು ಮೊದಲು ಕಾಣುತ್ತದೆ. ಅವರು ಕಾಫಿ ತರಿಸಿ, ನಾನು ಹೇಳಿದ್ದನ್ನೆಲ್ಲ ಕೇಳಿ, ತೊಡೆ ತಟ್ಟಿ ನಕ್ಕರು. "ಅಯ್ಯೋ ಮಾರಾಯ, ಇದನ್ನ ಹೇಳಕ್ಕೆ ಇಲ್ಲಿ ತನಕ ಬಂದ್ಯಾ? ಯಾವ ಕಾಲದ್ದು ಅದು!"

"ಮೋಟ್ರುಗಳನ್ನ ಮತ್ತೆ ಅವರಿಗೇ ಕೊಡಬಹುದಲ್ಲ ಉದಯಣ್ಣ?"

"ಈಗಿನವನು ಮನೆ ಬಾಗ್ಲಿಗೇ ಬಂದು ತಗಂಡು ಹೋಗ್ತಾನೆ. ಕಾಫಿ ರೇಟು ಬಿದ್ದಿರೋ ಈ ಕಾಲದಲ್ಲಿ ಅದೆಲ್ಲ ಯಾರು ಬದಲಾಯಿಸ್ತಾರೆ, ಬಿಡು. ಇನ್ನೊಂದು ಕಾಫಿ ಕುಡಿ." ಒಡೆಯಲು ಒಂದು ಮಾತು ಸಾಕಾಗಿತ್ತು. ಕೂಡಿಸಲು ನನ್ನ ಹತ್ತಿರ ಮಾತೇ ಇರಲಿಲ್ಲ.

ಅಲ್ಲಿಂದ ನೇರ ಚಿಕ್ಕಮಗಳೂರಿಗೆ ಹೋದೆ. ಮಧ್ಯಾಹ್ನದ ಹೊತ್ತು. ಅಂಗಡಿಯ ಮುಂದೆ ಒಬ್ಬ ಲಾರಿ ಡ್ರೈವರ್ ಬೀಡಿ ಸೇದುತ್ತಿದ್ದ. ಪಂಪು ತಂದಿದ್ದ ರೈತರೊಬ್ಬರು ಮೆಟ್ಟಿಲ ಮೇಲಿದ್ದರು. ನಾನು ಒಳಗೆ ಹೋಗಿ ಬೆಂಚಿನ ಹತ್ತಿರ ನಿಂತೆ. ಗಿರಿಜಮ್ಮ ಬೆಸುಗೆಯ ಕಡ್ಡಿ ಕೆಳಗಿಟ್ಟರು. ನಾನು ತಲೆ ತಗ್ಗಿಸಿ, ಬ್ಯಾಟರಿ ಉಲ್ಟಾ ಕಟ್ಟಿದ್ದು ನಾನೇ, ಗೊತ್ತಿದ್ದೂ ಸುಳ್ಳು ಹೇಳಿದೆ, ಉದಯಣ್ಣನ ಕೆಲಸ ತಪ್ಪಿದ್ದು ನನ್ನಿಂದಲೇ ಎಂದೆಲ್ಲ ಹೇಳಿದೆ. "ನೀವು ನನ್ನನ್ನ ಕ್ಷಮಿಸ್ಬೇಕು" ಎಂದೆ.

ಗಿರಿಜಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ನಿಮ್ಮ ಮನೆಯೋರು ಬಸ್ಸಲ್ಲಿ ಹೇಳಿದಾಗ್ಲೇ ಗೊತ್ತಾಯ್ತು ಸಾರ್" ಎಂದರು. "ಅಲ್ಲೀವರೆಗೂ ನನ್ನ ಕೈಯದ್ದೇ ತಪ್ಪು ಅಂತಿದ್ದೆ. ನಿಮ್ಮಂಥೋರು ಸುಳ್ಳು ಹೇಳ್ತಾರೆ ಅಂತ ನನಗೆ ಹೊಳೀಲೇ ಇಲ್ಲ. ಎರಡು ವರ್ಷ, ಒಂದೊಂದು ಬೆಸುಗೆಗೂ ಕೈ ನಡುಗ್ತಿತ್ತು. ಒಂದು ಹಾಕೋಕೆ ಹತ್ತು ನಿಮಿಷ. ಆವತ್ತು ಬಸ್ಸಲ್ಲಿ ಅಳು ಬಂತು, ನಿಮ್ಮ ಮನೆಯೋರಿಗೆ ಕಾಣದ ಹಾಗೆ ಆಚೆ ತಿರುಗಿದೆ. ದುಃಖಕ್ಕಲ್ಲ. ನನ್ನ ಕೈ ಸರಿ ಇತ್ತಲ್ಲ ಅಂತ."

ಕೆಲಸ ಕಳೆದೆ ಎಂದಷ್ಟೇ ನಾನು ಲೆಕ್ಕ ಹಾಕಿಕೊಂಡಿದ್ದೆ. ಆಕೆಯ ಕೈಯ ಧೈರ್ಯವನ್ನೇ ಕಳೆದಿದ್ದೆನೆಂದು ಗೊತ್ತೇ ಇರಲಿಲ್ಲ.

ಮೂಲೆಯಲ್ಲಿ ಕೂತಿದ್ದ ಲೋಕಪ್ಪ ಅಲ್ಲಿಯವರೆಗೂ ತಲೆ ಓರೆ ಮಾಡಿಯೇ ಇದ್ದ. "ಗೌಡ್ರೆ" ಎಂದ, ಮೆತ್ತಗೆ. "ಆವತ್ತು ನಿಮ್ಮ ದನಿ ರಸ್ತೆ ಆ ಕಡೆಗೂ ಕೇಳಿತ್ತು. ಇವತ್ತು ಹೇಳಿದ್ದು ಇಲ್ಲೇ ಕೂತಿರೋ ನನಗೇ ಸರಿಯಾಗಿ ಕೇಳಿಸ್ಲಿಲ್ಲ."

"ಸುಮ್ನಿರಿ ನೀವು" ಎಂದರು ಗಿರಿಜಮ್ಮ.

ಆತ ಮುಖ ನನ್ನ ಕಡೆಯಿಂದ ತಿರುಗಿಸಲಿಲ್ಲ.

ನಾನು ಹೊರಗೆ ಬಂದು ತಗಡಿನ ಮಾಡಿನ ಅಂಚಿನಲ್ಲಿ ನಿಂತೆ. "ಇಲ್ಲಿ ಕೇಳಿ" ಎಂದೆ. ಲಾರಿ ಡ್ರೈವರ್ ಬೀಡಿ ಕೆಳಗಿಳಿಸಿದ. ಎದುರಿನ ಚಹಾದಂಗಡಿಯವರು ಕತ್ತೆತ್ತಿದರು. "ಎರಡು ವರ್ಷದ ಹಿಂದೆ ನಾನು ಇಲ್ಲೇ ನಿಂತು ಇವರ ಕೆಲಸ ಸರಿ ಇಲ್ಲ ಅಂತ ಕೂಗಾಡಿದ್ದೆ. ಅದು ಸುಳ್ಳು. ಬ್ಯಾಟರಿ ಉಲ್ಟಾ ಕಟ್ಟಿದ್ದು ನಾನು. ಗಿರಿಜಮ್ಮನವರ ಕೆಲಸದಲ್ಲಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ." ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿ, ಅರ್ಥವಾಗದೆ ಮುಂದೆ ಹೋದರು. ಮೆಟ್ಟಿಲ ಮೇಲಿದ್ದ ರೈತರು, "ಹಂಗಾದ್ರೆ ನನ್ನ ಪಂಪು ಇವರ ಕೈಲೇ ಇರ್ಲಿ" ಎಂದು ಗೊಣಗಿಕೊಂಡರು.

ಒಳಗಿನಿಂದ ಸ್ಟೂಲು ಎಳೆದ ಸದ್ದಾಯಿತು. ಲೋಕಪ್ಪ ತಡವುತ್ತಾ ಅದನ್ನು ಬಾಗಿಲವರೆಗೆ ತಳ್ಳಿ ತಂದಿದ್ದ.

"ಈಗ ಕೇಳಿಸ್ತು. ಕೂತ್ಕೊಳ್ಳಿ" ಎಂದ.